ಬಾಯಿಲ್ಲದ ಬಾಡಿಗೆದಾರ

ವೈಟ್‌ಫೀಲ್ಡ್ ಡಿಪೋದಲ್ಲಿ ದಿಮ್ಮಿ ತುಂಬಿದ ಕಂಟೇನರ್ ತೆಗೆದಾಗ
ಒಳಗಿಂದ ಹಾರಿತಂತೆ, ಅಂಗೈಯಗಲ, ಬೆನ್ನೆಲ್ಲ ನರಹುಲಿ.
ಯಾವ ದೇಶದ್ದೋ. ಕಾಗದದಲ್ಲಿ ದಿಮ್ಮಿಯ ಲೆಕ್ಕ ಇತ್ತು,
ನೆಲಗಪ್ಪೆಯದಿರಲಿಲ್ಲ.

ಎರಡು ತಿಂಗಳು ಚರಂಡಿ ಪಕ್ಕ, ಲಾರಿ ಟೈರಿನ ನೆರಳಲ್ಲಿ
ಹುಳ ತಿಂದುಕೊಂಡಿತ್ತು. ಮೂರನೆಯ ತಿಂಗಳು
ಹಿಂದಿನ ಕೆರೆಯಲ್ಲಿ ನಮ್ಮ ಕಪ್ಪೆಗಳು ಕೂಗಲಿಲ್ಲ.
ಮುಂಗಾರಿನ ಮೊದಲ ಮಳೆ ಬಿದ್ದು ಹೋಯಿತು,
ಅಪಾರ್ಟ್‌ಮೆಂಟಿನವರು ನಿದ್ದೆ ಚೆನ್ನಾಗಿ ಬಂತು ಅಂದರು.
ವಾಚ್‌ಮನ್ ಗಂಗಬೈರಯ್ಯ ಮಾತ್ರ
"ಏನೋ ಸರಿಯಿಲ್ಲ ಕಣಮ್ಮ" ಅಂತ ಫೋನು ಮಾಡಿದ.

ಬಂದದ್ದು ಬಕೆಟ್ಟಿನಲ್ಲಿ, ಮುಚ್ಚಳದ ಮೇಲೆ ಇಟ್ಟಿಗೆ.
ಎಲ್ಲರ ಬಾಯಲ್ಲೂ ಒಂದೇ: ರೋಗ ತಂದದ್ದು ಇದೇ.
ತೂಕ ಬರೆಯಲು ಹೋದರೆ ತಟ್ಟೆಯಿಂದ ಜಿಗಿಯಿತು.
ಕಪ್ಪೆ ತೂಗುವ ಗಾದೆ ಕಟ್ಟಿದವರು
ಯಾವುದೋ ಲ್ಯಾಬಿನಲ್ಲಿ ದುಡಿದಿರಬೇಕು.

ತಾನಾಗಿಯೇ ಸತ್ತಿತು. ಅಷ್ಟನ್ನು ಹೇಳಿಬಿಡುತ್ತೇನೆ.
ಆ ರಾತ್ರಿಯೇ ತೆರೆದೆ.
ಹಿಂಗರುಳಿನ ಒಂದು ಹನಿ, ಉಪ್ಪುನೀರು, ಗಾಜು.
ಕಣ್ಣಿಟ್ಟೆ.

ಅಯ್ಯೋ, ಎಷ್ಟು ಚೆಲುವು.
ಎಲೆಯಂತೆ ಚಪ್ಪಟೆ, ಮೈತುಂಬ ರೋಮ,
ಗಾಳಿಗೆ ರಾಗಿಹೊಲ ಬಾಗಿದ ಹಾಗೆ
ಒಂದು ತುದಿಯಿಂದ ಇನ್ನೊಂದಕ್ಕೆ ಅಲೆ.
ತಿರುಗಿದಾಗೆಲ್ಲ ಜರಿಯಂಚಿನ ಮಿರುಗು.
ಬಾಯಿಲ್ಲ. ಹೊಟ್ಟೆಯಿಲ್ಲ.
ಒಂದೇ ಕೋಶ, ಮೈಯಿಂದಲೇ ಉಣ್ಣುತ್ತೆ.
ಹೆಸರು ಓಪಲಿನಾ. ಅಡ್ವಾನ್ಸ್ ಕೊಟ್ಟಿಲ್ಲ, ಅಗ್ರಿಮೆಂಟ್ ಇಲ್ಲ,
ನೂರಾರು ಮಂದಿ, ಒಂದು ಕರುಳು.

ಕೆರೆಯ ಕಪ್ಪೆಗಳಲ್ಲೂ ಇವೇ. ಎಣಿಸಿದೆ, ಅಳೆದೆ.
ಸಾಜಿದಾ ಮೇಡಂ ಕನ್ನಡಕ ಹಣೆಗೇರಿಸಿ
"ಯಾರಿಂದ ಯಾರಿಗೆ?" ಅಂದರು, ಅಷ್ಟೆ.

ಮ್ಯೂಸಿಯಂ ಕೋಣೆಯ ಬೀಗದಕೈ ಚಿಕ್ಕಮುನಿಯಪ್ಪನ ಸೊಂಟದಲ್ಲಿ.
ಅವನಪ್ಪ ಕಪ್ಪೆ ಹಿಡಿದು ಕಾಲೇಜುಗಳಿಗೆ ಕೊಡುತ್ತಿದ್ದವ,
ಡಜನ್ನಿಗೆ ಮೂರು ರೂಪಾಯಿ. ಒದ್ದೆ ಗೋಣಿಚೀಲ,
ಸೈಕಲ್ಲಿನ ಕ್ಯಾರಿಯರ್ ಮೇಲೆ ವಟಗುಟ್ಟುವ ಸಂಜೆ.
ಮೇಲಿನ ಶೆಲ್ಫಿಂದ ಇಳಿಸಿದ ಜಾಡಿ:
ಅರವತ್ತೆಂಟು, ಜೂನ್, ಅದೇ ಕೆರೆ.
ಲೇಬಲ್ಲಿನ ಶಾಯಿ ಟೀ ಬಣ್ಣಕ್ಕೆ ತಿರುಗಿದೆ.
"ನಮ್ಮಪ್ಪ ಹಿಡಿದಿದ್ದು," ಅಂದ, "ನೋಡ್ಕಂಡು ಕುಯ್ಯಮ್ಮ."

ಮೇಣದಲ್ಲಿ ಹೂತು, ತೆಳ್ಳಗೆ ಹೆರೆದು, ಬಣ್ಣ ಹಾಕಿ ನೋಡಿದರೆ
ಐವತ್ತು ಚಿಲ್ಲರೆ ಮಳೆಗಾಲಗಳ ಹಿಂದಿನ ಕರುಳಿನಲ್ಲಿ
ಅವೇ. ಅಲುಗದೆ.
ಅದೇ ಅಗಲ, ಅದೇ ಚುಕ್ಕಿಗಳು.

ಬಂದವನು ತಂದಿರಲಿಲ್ಲ.
ಇಲ್ಲಿನ ನೀರೇ ಅವನಿಗೆ ಅಂಟಿಸಿತ್ತು.
ಬಂದವರಿಗೆ ಈ ಊರು ಮೊದಲು ಕೊಡುವುದು ನೆಗಡಿ,
ಭಾಷೆ ಆಮೇಲೆ.

ಕಪ್ಪೆಯ ರಕ್ತದಲ್ಲಿ ಬೆದೆ ಏರಿದಾಗ
ಒಳಗಿರುವ ಇವಕ್ಕೂ ಗೊತ್ತಾಗುತ್ತದಂತೆ.
ಚೂರುಚೂರಾಗಿ, ಸುತ್ತ ಗೂಡು ಕಟ್ಟಿಕೊಂಡು
ನೀರಿಗೆ ಇಳಿಯುತ್ತವಂತೆ,
ಗೊದಮೊಟ್ಟೆಗಳ ಬಾಯಿ ಕಾಯುತ್ತ.
ಮಳೆ ಬಂತೆಂದು ಅವಕ್ಕೆ ಹೇಳುವುದು ಕಪ್ಪೆ.
ಈ ಸಲ ಯಾರು ಹೇಳಿದರು?

ವರದಿಯಲ್ಲಿ ಬರೆದೆ: ಕಾರಣ ಇದಲ್ಲ.
ಡಿಪೋದವರು ಕೇಳಿದರು: ಹಾಗಾದರೆ ಯಾವುದು?
ಕೆರೆಯ ತೂಬಿನ ಹತ್ತಿರ ಆಳೆತ್ತರ ನೊರೆ ನಿಂತಿತ್ತು.
ಒಂದಿಷ್ಟು ತಂದು ಗಾಜಿನ ಮೇಲಿಟ್ಟೆ,
ನೋಡನೋಡುತ್ತ ಒಡೆದು
ಬರೀ ಒದ್ದೆ ಉಳಿಯಿತು.

ಎರಡು ಜಾಡಿಗಳನ್ನೂ ಒತ್ತಟ್ಟಿಗೆ ಮೇಲಿಟ್ಟ ಚಿಕ್ಕಮುನಿಯಪ್ಪ
ಹೊಸದಕ್ಕೆ ಲೇಬಲ್ ಬರೆಯಲು ಪೆನ್ನು ತೆಗೆದು
ಊರು ಯಾವುದು ಅಂದ.
ವೈಟ್‌ಫೀಲ್ಡ್, ಅಂದೆ.